ಘಮ ಕಳೆದ ಹಿಟ್ಟು

ನನ್ನ ಗಂಡನ ಮನೆಯಲ್ಲಿ ಹುರಿಹಿಟ್ಟನ್ನು ಚೆನ್ನಾಗಿ ಮಾಡಿ ಆಮೇಲೆ ಬೇಕೆಂದೇ ಕೆಡಿಸುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅನ್ನಿಸಿದ್ದು ಹಾಗೆ. ಮಾಗಡಿ ಕಡೆಯ ನನ್ನ ತವರಿನಲ್ಲಿ ರಾಗಿಗೆ ಹುಳಿಮಜ್ಜಿಗೆ ಚಿಮುಕಿಸಿ, ಒಂದು ರಾತ್ರಿ ಬಿಟ್ಟು, ಕಾದ ಮರಳಲ್ಲಿ ಹುರಿದು ಅರಳಿಸುತ್ತಿದ್ದೆವು. ಅದನ್ನು ಬೀಸಿ ಡಬ್ಬಕ್ಕೆ ತುಂಬಿ, ಘಮ ಹೋಗದಿರಲೆಂದು ಮುಚ್ಚಳದ ಮೇಲೆ ಬಟ್ಟೆ ಬಿಗಿಯುತ್ತಿದ್ದೆವು. ಮುಚ್ಚಳ ತೆಗೆದರೆ ಬೀದಿಯಲ್ಲಿ ಹೋಗುವವರೂ ಒಂದು ಗಳಿಗೆ ನಿಲ್ಲಬೇಕು, ಹಾಗಿರುತ್ತಿತ್ತು. ಮರಳವಾಡಿ ಹತ್ತಿರದ ಈ ಮನೆಯಲ್ಲಿ ನನ್ನ ಅತ್ತೆ ಬರೀ ನೀರು ಚಿಮುಕಿಸಿ ರಾಗಿ ಹುರಿಯುತ್ತಿದ್ದರು. ಬೀಸಿದ ಹಿಟ್ಟನ್ನು ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ತೆಳ್ಳಗೆ ಹರಡಿ ಐದು ದಿನ ಗಾಳಿಗೆ ಬಿಡುತ್ತಿದ್ದರು. ದಿನಕ್ಕೆರಡು ಸಲ ಏಣಿ ಹತ್ತಿ, ಕೈಯಾಡಿಸಿ, ಒಂದು ಚಿಟಿಕೆ ಮೂಸಿ ನೋಡಿ, ಇನ್ನೂ ಗಮ ಐತೆ ಅಂತ ಬೇಜಾರಿನಿಂದ ಇಳಿದುಬರುತ್ತಿದ್ದರು. ಐದನೆಯ ದಿನ ಅದಕ್ಕೆ ರಾಗಿಯ ವಾಸನೆಯೂ ಇರುತ್ತಿರಲಿಲ್ಲ. ಇದಕ್ಕೆ ಆ ಮನೆಯಲ್ಲಿ ಘಮ ಕಳೆಯೋದು ಎನ್ನುತ್ತಿದ್ದರು.

ಆ ಹಿಟ್ಟು ಕಾಡಿಗೆ ಹೋಗುವ ಗಂಡಸರ ಊಟ. ಮನೆಗೆ ಎರಡೆಕರೆ ಹೊಲ, ಅರವತ್ತು ಚಿಲ್ಲರೆ ಕುರಿ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ ಮತ್ತು ನಾನು. ನಾನು ಬಂದದ್ದು ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಕ್ಕೆ. ಹಾರೋಹಳ್ಳಿ ಕಡೆ ಕಾರ್ಖಾನೆಗಳಿಗೆಂದು ಭೂಮಿ ಹಿಡಿಯುತ್ತಿದ್ದ ಕಾಲ ಅದು. ಊರಾಚೆಯ ಗೋಮಾಳದಲ್ಲಿ ನಮ್ಮ ಕುರಿಗಳು ತಲೆತಲಾಂತರದಿಂದ ಮೇಯ್ದಿದ್ದವಂತೆ. ನಾನು ನೋಡುವ ಹೊತ್ತಿಗೆ ಅಲ್ಲಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದರು. ಒಳಗೆ ಜೆಸಿಬಿಗಳು ಕೆಂಪು ಮಣ್ಣನ್ನು ಅತ್ತಿಂದಿತ್ತ ಒಟ್ಟುತ್ತಿದ್ದವು, ಹೊರಗೆ ಕುರಿಗಳು ತಂತಿಗೆ ಮೂತಿ ತೂರಿಸಿ ನಿಂತಿರುತ್ತಿದ್ದವು. ಮಳೆಗಾಲದಲ್ಲಿ ಹೊಲದ ಬದು, ರಸ್ತೆಯ ಅಂಚು ಅಂತ ಹೇಗೋ ನಡೆಯುತ್ತಿತ್ತು. ಶಿವರಾತ್ರಿ ಕಳೆದರೆ ಕಾವೇರಿ ದಿಕ್ಕಿನ ಕಾಡೊಂದೇ ದಾರಿ. ಮೊದಲು ಮಳೆ ಕೈಕೊಟ್ಟ ವರ್ಷ ಮಾತ್ರ ಹೋಗುತ್ತಿದ್ದವರು ಈಗ ಪ್ರತಿ ಬೇಸಿಗೆಗೆ ಹೊರಡುತ್ತಿದ್ದರು. ದೊಡ್ಡಆಲಹಳ್ಳಿ ದಾಟಿ, ಕೊನೆಯ ಹಳ್ಳಿಯನ್ನೂ ದಾಟಿ ಹೋದರೆ ಹತ್ತು ಹನ್ನೆರಡು ದಿನ ಒಳಗೇ.

ಕಾಡಿನಲ್ಲಿ ಕುರಿ ಬಿಡಲು ಯಾರ ಅಪ್ಪಣೆಯೂ ಇರಲಿಲ್ಲ. ಹೊಗೆ ಎದ್ದರೆ ಗಾರ್ಡು ಬರುತ್ತಾನೆ. ಒಣಗಿದ ಬಿದಿರಿಗೆ ಕಿಡಿ ತಾಗಿದರೆ ಕಾಡಿಗೆ ಕಾಡೇ ಹೋಗುತ್ತದೆ. ಆದ್ದರಿಂದ ಒಲೆ ಹೂಡುವಂತಿಲ್ಲ, ಬೀಡಿ ಕೂಡ ಹಚ್ಚುವಂತಿಲ್ಲ. ಮಾವ ಬೀಡಿ ಬಿಟ್ಟು ನಶ್ಯ ಹಿಡಿದದ್ದು ಅದಕ್ಕೇ. ನಶ್ಯ ಏರಿಸಿ ಏರಿಸಿ ಅವರ ಮೂಗು ಸತ್ತುಹೋಗಿತ್ತು. ಪಕ್ಕದಲ್ಲೇ ಸಾರು ಸೀಯುತ್ತಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಕಾಡಿನ ಗಂಟು ಕಟ್ಟುವವರು ಅತ್ತೆ. ಘಮ ಕಳೆದ ಹಿಟ್ಟು, ಗಟ್ಟಿ ಅವಲಕ್ಕಿ, ಸಿಪ್ಪೆ ತೆಗೆದ ಹುರಿಗಡಲೆ. ಉಪ್ಪು ಮತ್ತು ಒಣಮೆಣಸಿನಕಾಯಿ ಕುಟ್ಟಿದ ಪುಡಿಯನ್ನು ಸಣ್ಣ ಸೋರೆಬುರುಡೆಗೆ ಹಾಕಿ, ಬಾಯಿಗೆ ಮೇಣ ಮೆತ್ತಿ, ಮೂರು ಸುತ್ತು ಬಟ್ಟೆ. ಹಳ್ಳದ ನೀರಿನಲ್ಲಿ ಹಿಟ್ಟು ಕಲಸಿ ಆ ಪುಡಿ ನಂಜಿಕೊಂಡು ತಿನ್ನಬೇಕು. ಜೊತೆಗೆ ಹೋಗುವ ಒಂದು ಮೇಕೆ ಹಾಲು ಕೊಟ್ಟ ದಿನ ಹಬ್ಬ. ಬೆಲ್ಲ ಇಲ್ಲ, ಹುಣಸೆಹಣ್ಣು ಇಲ್ಲ, ಕೊಬ್ಬರಿ ಇಲ್ಲ, ಬಾಳೆಹಣ್ಣಂತೂ ಇಲ್ಲವೇ ಇಲ್ಲ. ಮೊದಲ ಎರಡು ದಿನದ ದಾರಿಗೆ ಬೇರೆ ಬುತ್ತಿ: ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ. ಕಾಡಿನ ಗಂಟಿಗೆ ಮೂರು ಗಂಟು ಹಾಕಿದರೆ ಅದನ್ನು ಬಿಚ್ಚುವುದು ಬೀಡು ಬಿಟ್ಟ ಜಾಗದಲ್ಲೇ. ದಾರಿಯಲ್ಲಿ ನೆಲಕ್ಕೂ ಇಡುತ್ತಿರಲಿಲ್ಲ, ಹೆಗಲಿನಿಂದ ಹೆಗಲಿಗೆ ಹೋಗಬೇಕು.

ಹೀಗೆಲ್ಲ ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೇನೋ. ನನ್ನ ತವರಿನವರೂ ಒಂದು ಕಾಲಕ್ಕೆ ಕುರಿ ಸಾಕಿದವರೇ. ಆದರೆ ನನಗೆ ಬುದ್ಧಿ ತಿಳಿಯುವ ಮೊದಲೇ ಕುರಿ ಮಾರಿ ಬರೀ ಬೇಸಾಯ ಹಿಡಿದಿದ್ದರು, ಕಾಡಿನ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ನನ್ನಷ್ಟಕ್ಕೆ ಒಂದು ತೀರ್ಮಾನ ಮಾಡಿಕೊಂಡಿದ್ದೆ: ಅತ್ತೆ ಜಿಪುಣಿ. ಗಂಡನಿಗೂ ಮಗನಿಗೂ ಒಂದು ಅಚ್ಚು ಬೆಲ್ಲ ಕೊಡಲು ಕೈ ಬಾರದವರು. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಸಿಟ್ಟು. ಅದರ ಜೊತೆಗೆ ಹೊಸ ಸೊಸೆಯ ಉತ್ಸಾಹ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಆ ಜಾತಿಗೆ ಸೇರಿದವಳು ನಾನು.

ಮದುವೆಯಾದ ಮೇಲೆ ಅವರು ಮೊದಲ ಸಲ ಕಾಡಿಗೆ ಹೊರಡುವ ಹಿಂದಿನ ದಿನ ನನ್ನ ಗಂಡ ಊಟಕ್ಕೆ ಕೂತು, ಬಿಸಿ ಮುದ್ದೆ ಮುರಿಯುತ್ತಾ, ಕಾಡು ಹೊಕ್ಕ ಮೇಲೆ ಮಣ್ಣು ತಿನ್ನಬೇಕು ಎಂದು ನಕ್ಕ. ಆ ಹಿಟ್ಟು ಗಂಟಲಿಗೆ ಹೇಗೆ ಮೆತ್ತಿಕೊಳ್ಳುತ್ತದೆ ಅಂತ ಅಣಕಿಸಿ ತೋರಿಸಿದ. ಅವನು ತಮಾಷೆಗೆ ಹೇಳಿದ್ದು. ಮೂರು ತಿಂಗಳ ಹೆಂಡತಿಗೆ ಅದು ಎದೆಗೇ ನಾಟಿತು. ಬೆಳಿಗ್ಗೆ ಅತ್ತೆ ಕೊಟ್ಟಿಗೆಗೆ ಹೋದ ಹೊತ್ತು ನೋಡಿ ನಾನು ಗಂಟು ಬಿಚ್ಚಿದೆ. ಅರ್ಧ ಗಡಿಗೆ ಬೆಲ್ಲ ಕುಟ್ಟಿ, ಏಲಕ್ಕಿ ಪುಡಿ ಮಾಡಿ, ಒಂದು ಸೌಟು ಕಾಸಿದ ತುಪ್ಪ ಹಾಕಿ, ಆ ಸತ್ತ ಹಿಟ್ಟಿನಲ್ಲಿ ಕೈ ಮುಳುಗಿಸಿ ಉಜ್ಜಿ ಉಜ್ಜಿ ಕಲಸಿದೆ. ಐದು ದಿನ ಅತ್ತೆ ಕಳೆದದ್ದನ್ನು ನಾನು ಐದು ನಿಮಿಷದಲ್ಲಿ ವಾಪಸು ತಂದೆ. ತವರಿಗೆ ತವರೇ ಆ ಅಡುಗೆಮನೆಗೆ ಬಂದ ಹಾಗಾಯಿತು. ಕಾಡಿನಲ್ಲಿ ಅವನು ಗಂಟು ಬಿಚ್ಚಿ ಬಾಯಿಗಿಟ್ಟಾಗ ಯಾರ ಕೈ ಅಂತ ತಿಳಿದು ನಗುತ್ತಾನೆ, ಅಷ್ಟೇ ನನ್ನ ಆಸೆ. ನನ್ನದೊಂದು ಕೆಂಪಂಚಿನ ಬಟ್ಟೆಯನ್ನು ಮೇಲಿಂದ ಸುತ್ತಿ, ಅತ್ತೆ ಹಾಕಿದ್ದ ಹಾಗೇ ಮೂರು ಗಂಟು ಹಾಕಿಟ್ಟೆ. ಬಟ್ಟೆ ಬೇರೆಯಾದದ್ದನ್ನು ನೋಡಿ ಅತ್ತೆ, ಹಳೇದು ಹರಿದಿತ್ತಾ ಅಂತ ಕೇಳಿದರು. ಹೂಂ ಅಂದೆ. ಅವರಿಗೆ ಆ ದಿನ ನೆಗಡಿ. ಮಾವ ಗಂಟನ್ನು ಹೆಗಲಿಗೇರಿಸಿ, ಹಿಂದಿರುಗಿ ನೋಡದೆ ಹೊಸಲು ದಾಟಿದರು.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಕಾಫಿಗೆ ಬೆಲ್ಲ ತೆಗೆಯಲು ಗಡಿಗೆಗೆ ಕೈ ಹಾಕಿದರು. ಕೈ ತಳಕ್ಕೆ ಹೋಯಿತು. ಇರುವೆ ಬಂದಿತ್ತು ಅಂತ ನಾನು ಶುರುಮಾಡಿದೆ. ಅವರು ಒರಳಿನ ಹತ್ತಿರ ಕೂತು ಅದರೊಳಗೆ ಬೆರಳಾಡಿಸಿ, ಸಂದಿಯಲ್ಲಿ ಅಂಟಿದ್ದನ್ನು ಉಗುರಿನಿಂದ ಕೆರೆದು ನಾಲಿಗೆಗೆ ತಾಗಿಸಿಕೊಂಡರು. ಬೆಲ್ಲ, ಏಲಕ್ಕಿ.

"ಗಂಟ್ಗೆ ಹಾಕ್ಬುಟ್ಯಾ?" ಎಂದರು.

ಜಗಳಕ್ಕೆ ಸೊಂಟ ಕಟ್ಟಿಯೇ ಇದ್ದೆ. ಹಾಕಿದೆ, ಅವರೂ ಮನುಷ್ಯರಲ್ಲವೇ ಅಂದೆ. ಅವರು ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಬೈಯಲಿಲ್ಲ. ಕಂಬ ಹಿಡಿದು ಮೆಲ್ಲಗೆ ಕೂತರು. ಒಲೆಯ ಮೇಲೆ ಕಾಫಿ ಉಕ್ಕಿ ಬೂದಿಗೆ ಬಿತ್ತು, ಅವರು ಅತ್ತ ತಿರುಗಿಯೂ ನೋಡಲಿಲ್ಲ. ಆ ಮುಖ ನೋಡಿಯೇ ನನಗೆ ಮೊದಲು ಹೆದರಿಕೆಯಾದದ್ದು. ಏನು ಮಾಡಿದ್ದೇನೆ ಅಂತ ಆಗಲೂ ತಿಳಿದಿರಲಿಲ್ಲ.

ಆಮೇಲೆ ಹೇಳಿದರು. ಮಾವನಿಗೊಬ್ಬ ತಮ್ಮನಿದ್ದ. ಹಿಂದೆ ಒಂದು ವರ್ಷ ಅವನೂ ಕುರಿಯ ಜೊತೆ ಕಾಡಿಗೆ ಹೋಗಿದ್ದ. ದಾರಿಯಲ್ಲಿ ಯಾರೋ ಕೊಟ್ಟ ನಾಲ್ಕು ಹಲಸಿನ ತೊಳೆಯನ್ನು ಅಣ್ಣನಿಗೆ ಕಾಣದಂತೆ ಮಡಿಲಿಗೆ ಕಟ್ಟಿಕೊಂಡಿದ್ದ, ನಿಧಾನಕ್ಕೆ ತಿನ್ನೋಣವೆಂದು. ಆ ಮಧ್ಯಾಹ್ನವೇ ದೊಡ್ಡದು ಅವನನ್ನು ಹುಡುಕಿಕೊಂಡು ಬಂತು. ಅತ್ತೆ ಆನೆ ಎಂಬ ಮಾತನ್ನು ಬಾಯಿಂದ ಆಡುತ್ತಿರಲಿಲ್ಲ, ದೊಡ್ಡದು ಎಂದೇ ಹೇಳುವುದು. ಮಾವ ತಮ್ಮನನ್ನು ಕಂಬಳಿಯಲ್ಲಿ ಹೊತ್ತು ತಂದರಂತೆ. ಮರುವರ್ಷದಿಂದ ಅತ್ತೆ ಹಿಟ್ಟಿನ ಘಮ ಕಳೆಯಲು ಶುರುಮಾಡಿದರು. ಅವರ ಅತ್ತೆ ಹೇಳಿಕೊಟ್ಟದ್ದಲ್ಲ, ಊರಿನಲ್ಲಿ ಬೇರೆ ಯಾರೂ ಮಾಡುತ್ತಿರಲಿಲ್ಲ. ಅವರೇ ಯೋಚಿಸಿ ಯೋಚಿಸಿ ಕಂಡುಕೊಂಡದ್ದು. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಎಷ್ಟೋ ಸಲ ದೊಡ್ಡದು ಬೀಡಿನ ಪಕ್ಕದಲ್ಲೇ ಹಾದುಹೋಗಿದೆ, ಒಮ್ಮೆ ಮರಕ್ಕೆ ತೂಗುಹಾಕಿದ ಗಂಟನ್ನು ಮೂಸಿ ಹಾಗೇ ಬಿಟ್ಟು ಹೋಗಿದೆ ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಮಾತನ್ನು ಆವತ್ತಿಗೆ ಮೊದಲು ನೂರು ಸಲ ಕೇಳಿದ್ದೆ. ಅರ್ಥವಾದದ್ದು ಆವತ್ತು. ಗಂಡಸರು ಹಿಂದಿನ ಸಂಜೆ ಕಾಡಂಚು ಮುಟ್ಟಿರುತ್ತಾರೆ, ಈ ಬೆಳಿಗ್ಗೆ ಒಳಗೆ ಹೋಗಿರುತ್ತಾರೆ. ಫೋನು ನಮ್ಮ ಊರಿನಲ್ಲಿ ಅಂಗಡಿಯವನ ಹತ್ತಿರ ಒಂದಿತ್ತು, ಕಾಡಿನೊಳಗಿರುವವರಿಗೆ ಅದರಿಂದ ಏನಾಗಬೇಕು? ಮಾವನ ಮೂಗೋ ನಶ್ಯಕ್ಕೆ ಬಲಿ. ಗಂಟು ಬಿಚ್ಚಿ ಬಾಯಿಗಿಡುವವರೆಗೆ ಅವರಿಗೆ ಗೊತ್ತೇ ಆಗುವುದಿಲ್ಲ. ಅಷ್ಟರೊಳಗೆ ಬೇರೆಯವರಿಗೆ ಗೊತ್ತಾಗಿರುತ್ತದೆ.

ಅತ್ತೆ ಎದ್ದು ಅಟ್ಟ ಹತ್ತಿದರು. ಮುಂದಿನ ಸಲಕ್ಕೆಂದು ಹರಡಿದ್ದ ಹಿಟ್ಟು ಮೂರು ದಿನದ್ದು. ಮೂಸಿ ನೋಡಿದರು, ತಲೆಯಾಡಿಸಿದರು, ಬೇರೆ ದಾರಿಯಿಲ್ಲದೆ ಅದನ್ನೇ ಗಂಟು ಕಟ್ಟಿದರು. ಕುರಿಮರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ನಡಿ ಎಂದರು. ಯಾರಿಗೂ ನಿಜ ಹೇಳಲಿಲ್ಲ. ದೊಡ್ಡಆಲಹಳ್ಳಿಯಲ್ಲಿ ನೆಂಟರ ಮನೆಗೆ ಅಂದರು.

ಕನಕಪುರಕ್ಕೆ ಹೋಗುವ ಬಸ್ಸು ಗೋಮಾಳದ ಪಕ್ಕದಲ್ಲೇ ಹಾದುಹೋಗುತ್ತದೆ. ತಂತಿಯ ಒಳಗೆ ಒಂದು ಕಡೆ ಹುಲ್ಲು ಮೊಣಕಾಲುದ್ದ ಬೆಳೆದು ಒಣಗಿ ನಿಂತಿತ್ತು. ಕಾರ್ಖಾನೆ ಇನ್ನೂ ಎದ್ದಿರಲಿಲ್ಲ, ಕುರಿಗೂ ಬಿಟ್ಟಿರಲಿಲ್ಲ. ಅತ್ತೆ ಕಿಟಕಿಯ ಕಡೆಯಿಂದ ಮುಖ ತಿರುಗಿಸಿಕೊಂಡರು. ಬಸ್ಸು ಕೈ ತೋರಿದವರಿಗೆಲ್ಲ ನಿಲ್ಲುತ್ತಿತ್ತು. ರೇಷ್ಮೆಗೂಡಿನ ಮೂಟೆ ಹತ್ತಿಸುವವರು, ಮಗುವಿಗೆ ಉಚ್ಚೆ ಹೊಯ್ಯಿಸಲು ಇಳಿಯುವವರು, ಚಿಲ್ಲರೆಗೆ ಜಗಳವಾಡುವವರು. ಲೋಕಕ್ಕೆ ಯಾವ ಅವಸರವೂ ಇರಲಿಲ್ಲ. ನಾನು ಮುಂದಿನ ಸೀಟಿನ ಕಂಬಿ ಹಿಡಿದು, ಬಸ್ಸನ್ನು ನಾನೇ ತಳ್ಳುತ್ತಿರುವ ಹಾಗೆ ಒತ್ತುತ್ತಾ ಕೂತಿದ್ದೆ. ಊಟದ ಹೊತ್ತು ಎಷ್ಟಕ್ಕೆ ಅಂತ ಲೆಕ್ಕ ಹಾಕುತ್ತಿದ್ದೆ. ನನ್ನ ಕೈಯನ್ನು ಮತ್ತೆ ಮತ್ತೆ ಮೂಸಿ ನೋಡಿಕೊಂಡೆ. ಮೂರು ದಿನ ತೊಳೆದ ಕೈ. ಆದರೂ ಏಲಕ್ಕಿ ವಾಸನೆ ಬರುತ್ತಿದೆ ಅನ್ನಿಸುತ್ತಿತ್ತು.

ದೊಡ್ಡಆಲಹಳ್ಳಿಯಿಂದ ಮುಂದಕ್ಕೆ ಒಂದು ಟೆಂಪೊ ಸಿಕ್ಕಿತು. ಕೊನೆಯ ಹಳ್ಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಜಗುಲಿಯಲ್ಲಿ ಒಣ ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸು ಕುರಿಯವರು ಬೆಳಿಗ್ಗೆ ಒಳಕ್ಕೆ ಹೋದರೆಂದಳು. ನಿನ್ನೆ ತಮ್ಮ ಬಾಳೆತೋಟವನ್ನು ಒಂದು ಒಂಟಿ ತುಳಿದುಹಾಕಿತು, ಇನ್ನೂ ಹತ್ತಿರದಲ್ಲೇ ಇದೆ, ನೀವು ಹೋಗಬೇಡಿ ಎಂದಳು. ಒಂಟಿ ಎಂದರೆ ಹಿಂಡಿನಿಂದ ಬೇರೆಯಾದ ಗಂಡು. ಅತ್ತೆ ಅವಳ ಹತ್ತಿರ ಒಂದು ಚೆಂಬು ನೀರು ಇಸಕೊಂಡು ಕುಡಿದು, ನನಗೂ ಕುಡಿಸಿದರು. ಊರು ದಾಟಿದ ಮೇಲೆ ನಿಂತು ನನ್ನನ್ನು ಕೆಳಗಿಂದ ಮೇಲೆ ನೋಡಿದರು. ನನ್ನ ಜಡೆಯಲ್ಲಿ ಹಿಂದಿನ ದಿನದ ಬಾಡಿದ ಮಲ್ಲಿಗೆ ಇತ್ತು. ಅದನ್ನು ಕಿತ್ತು ಬೇಲಿಯಾಚೆ ಎಸೆದರು. ಸೆರಗಿನ ತುದಿಯಿಂದ ನನ್ನ ಬಳೆಗಳನ್ನು ಶಬ್ದವಾಗದಂತೆ ಬಿಗಿದು ಕಟ್ಟಿದರು. ತಮ್ಮವನ್ನೂ ಕಟ್ಟಿಕೊಂಡರು.

ಅವರು ವಯಸ್ಸಿನಲ್ಲಿ ಮಾವನ ಜೊತೆ ಅಲ್ಲಿಗೆ ಹೋಗಿ ಬಂದವರು, ಬೀಡು ಬಿಡುವ ಜಾಗ ಗೊತ್ತಿತ್ತು. ಮುಂದೆ ಅವರು, ಹಿಂದೆ ನಾನು. ಒಣಗಿದ ಎಲೆಯ ಮೇಲೆ ಕಾಲಿಟ್ಟರೆ ಕಾಡಿಗೆಲ್ಲ ಕೇಳಿಸುತ್ತದೆ ಅನ್ನಿಸುತ್ತಿತ್ತು. ಗಾಳಿಗೆ ಬಿದಿರು ಕಿರುಗುಟ್ಟಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ನಾನು ನನ್ನ ಗಂಡನನ್ನು ನೆನೆಸಿಕೊಳ್ಳಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ದಾರಿಯಲ್ಲಿ ನನಗೆ ನನ್ನದೇ ಭಯವಿತ್ತು. ತಿರುಗಿ ಓಡಿಬಿಡಬೇಕು ಅಂತ ಎಷ್ಟು ಸಲ ಅನ್ನಿಸಿತೋ. ಒಂಟಿಯಾಗಿ ತಿರುಗಿ ಹೋಗುವುದಕ್ಕೆ ಇನ್ನೂ ಹೆದರಿಕೆ, ಅದಕ್ಕೇ ಅವರ ಹಿಂದೆ ಹೋದೆ.

ಒಂದು ಕಡೆ ದಾರಿಗೆ ಅಡ್ಡವಾಗಿ ಲದ್ದಿ ಬಿದ್ದಿತ್ತು. ಅತ್ತೆ ಕಾಲಿನ ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಬಿಸಿ ಇದೆಯಾ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರ ಹೆಜ್ಜೆ ಇನ್ನೂ ಮೆತ್ತಗಾಯಿತು.

ಹಳ್ಳದ ಸಪ್ಪಳ ಕೇಳುವಷ್ಟು ಹತ್ತಿರ ಹೋದಾಗ ನನಗೆ ಆ ಬಟ್ಟೆ ಕಂಡಿತು. ಒಂದು ಹೊಳೆಮತ್ತಿ ಮರದ ಕೆಳಗೆ, ಮುರಿದು ಜೋತುಬಿದ್ದ ಕೊಂಬೆಯ ಅಡಿಯಲ್ಲಿ, ಕೆಂಪಂಚು ಎರಡು ಸೀಳಾಗಿ ಮಣ್ಣಿನಲ್ಲಿ ಕಲಸಿಹೋಗಿತ್ತು. ಸೋರೆಬುರುಡೆ ಪುಡಿಪುಡಿ. ಒಂದು ಹಿಡಿ ಹಿಟ್ಟೂ ಉಳಿದಿರಲಿಲ್ಲ. ನೆಲವನ್ನು ಯಾರೋ ನೆಕ್ಕಿ ಸಾರಿಸಿದ ಹಾಗಿತ್ತು. ಸ್ವಲ್ಪ ದೂರದಲ್ಲಿ ಒಂದು ಕಂಬಳಿ ಬಿದ್ದಿತ್ತು. ನನ್ನ ಗಂಡನದು.

ಅತ್ತೆ ಕಂಬಳಿಯ ಹತ್ತಿರ ಕುಕ್ಕರಿಸಿದರು. ಅದರ ಒಂದೊಂದೇ ಮಡಿಕೆ ಬಿಡಿಸಿ ನೋಡಿದರು. ಅವರು ಏನು ಹುಡುಕುತ್ತಿದ್ದಾರೆಂದು ನನಗೆ ತಿಳಿದಿತ್ತು. ನಾನು ಮರ ಹಿಡಿದು ನಿಂತಿದ್ದೆ. ಕೂಗಬೇಕು ಅನ್ನಿಸಿತು, ಕೂಗಿದರೆ ಅದು ಬರುತ್ತದೇನೋ ಅಂತ ಬಾಯಿ ಮುಚ್ಚಿಕೊಂಡೆ. ಕಿವಿಗೊಟ್ಟು ಕೇಳಿದೆ. ಕುರಿಯ ಗಂಟೆಯ ಸದ್ದೂ ಇಲ್ಲ. ಕಾಡಿಗೆ ಹೊಕ್ಕ ಮೇಲೆ ಗಂಟೆಗಳಿಗೆ ಹುಲ್ಲು ತುರುಕಿ ಬಾಯಿ ಕಟ್ಟುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅರವತ್ತು ಕುರಿ, ಇಬ್ಬರು ಗಂಡಸರು, ಒಂದು ಉಸಿರಿನ ಸದ್ದೂ ಇಲ್ಲವೆಂದರೆ ಎಲ್ಲ ಮುಗಿಯಿತು ಅಂದುಕೊಂಡೆ. ನಾನೇ ಕೊಂದೆ ಅಂದುಕೊಂಡೆ. ಬೆಲ್ಲ ಕಲಸಿದ ಕೈ ನೋಡಿಕೊಂಡೆ.

ಅತ್ತೆ ನಾಲಿಗೆಯಿಂದ ಒಂದು ಸದ್ದು ಮಾಡಿದರು. ಕುರಿ ಕರೆಯುವಾಗ ಮಾಡುವ ಲೊಟ್ಟೆ, ಮೂರು ಸಲ. ಏನೂ ಇಲ್ಲ. ಇನ್ನೂ ಮೂರು ಸಲ. ಹಳ್ಳದ ಆಚೆ ದಡದಲ್ಲಿ, ಬಂಡೆಗಳ ಮೇಲೆ, ಒಂದು ಬಿಳಿ ಟವೆಲು ಮೇಲೆದ್ದು ಎರಡು ಸಲ ಆಡಿತು. ಮಾವ. ಅವರ ಪಕ್ಕದಲ್ಲಿ ಇನ್ನೊಂದು ತಲೆ ಎದ್ದಿತು. ನಾನು ಅಲ್ಲೇ ಕೂತುಬಿಟ್ಟೆ.

ಅತ್ತೆ ನನ್ನ ತೋಳು ಹಿಡಿದು ಎಬ್ಬಿಸಿದರು. ಹಳ್ಳ ದಾಟುವ ಮೊದಲು ಕಿವಿಯ ಹತ್ತಿರ ಬಾಯಿ ತಂದು ಹೇಳಿದರು. "ಗಂಟು ಕಟ್ಟಿದ್ದು ನಾನು. ನೀನು ಬಾಯ್ಬುಡ್ಬ್ಯಾಡ. ನಂಗಾದ್ರೆ ಇವತ್ತು ಬಯ್ದು ನಾಳೆ ಮರೀತಾರೆ. ನಿಂಗೆ ಆ ಹೆಸರು ಅಂಟ್ಕಂಡ್ರೆ ಸಾಯಗಂಟ ಹೋಗಕಿಲ್ಲ ಕಣವ್ವ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಹೂಂ ಎಂದು ತಲೆಯಾಡಿಸಿದೆ.

ನಡೆದದ್ದನ್ನು ಮಾವ ಪಿಸುಮಾತಿನಲ್ಲಿ ಹೇಳಿದರು. ಗಂಟನ್ನು ಮರಕ್ಕೆ ತೂಗುಹಾಕಿ ಇಬ್ಬರೂ ಕುರಿಗಳಿಗೆ ನೀರು ಕುಡಿಸಲು ಇಳಿದಿದ್ದಾರೆ. ಹಸಿವೆಯಾಗಿ ನನ್ನ ಗಂಡ ಗಂಟು ತರಲು ಒಬ್ಬನೇ ಮೇಲೆ ಹೋಗಿದ್ದಾನೆ. ಅವನು ಮರದಿಂದ ಇಪ್ಪತ್ತು ಹೆಜ್ಜೆಯಲ್ಲಿದ್ದಾಗ ಆಚೆ ಕಡೆಯಿಂದ ಅದು ಬಂದಿದೆ. ಒಂಟಿ. ಇವನು ಕಂಬಳಿ ಬಿಟ್ಟು ಬಂಡೆಯ ಹಿಂದೆ ನುಸುಳಿದ್ದಾನೆ. ಅದು ಕೊಂಬೆ ಮುರಿದು, ಗಂಟು ಕೆಡವಿ, ಅಷ್ಟನ್ನೂ ತಿಂದು, ಇನ್ನೂ ಇದೆಯೇನೋ ಅಂತ ಸುತ್ತ ಮೂಸುತ್ತಾ ಬಹಳ ಹೊತ್ತು ನಿಂತಿದ್ದು ಹೋಯಿತಂತೆ, ಆಮೇಲೆ ಇವನು ಹಳ್ಳ ದಾಟಿ ಆಚೆಗೆ ಬಂದನಂತೆ. ಇಷ್ಟು ಹೇಳಿ ಮಾವ ಅತ್ತೆಯನ್ನು ನೋಡಿದರು.

"ಸಪ್ಪೆ ಹಿಟ್ಟಾಗಿದ್ರೆ ಮೂಸ್ಬುಟ್ಟು ಹೋಗೋದು," ಎಂದರು.

ಅತ್ತೆ, ಮಗ ಬಾಯಿ ಸಪ್ಪೆ ಅಂದನಲ್ಲ ಅಂತ ಒಸಿ ಬೆಲ್ಲ ಹಾಕಿದೆ, ಬುದ್ಧಿ ನೆಟ್ಟಗಿರಲಿಲ್ಲ, ಮನಸ್ಸು ತಡೆಯದೆ ಓಡಿಬಂದೆ ಅಂದರು. ಮಾವ ಕೂಗಾಡಲಿಲ್ಲ. ಸತ್ತ ತಮ್ಮನ ಹೆಸರನ್ನೂ ಎತ್ತಲಿಲ್ಲ. ಅಷ್ಟು ವರ್ಷ ನಿನ್ನ ಕೈ ನಂಬಿ ಕಣ್ಣುಮುಚ್ಚಿ ಹೊತ್ತುಕೊಂಡು ಬಂದೆ ಅಂದರು, ಅಷ್ಟೇ. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ನನ್ನ ಗಂಡ ನನ್ನ ಮುಖ ನೋಡಿ ನೆಲ ನೋಡಿದ. ಬಹಳ ದಿನಗಳ ಮೇಲೆ ಅವನು ಹೇಳಿದ, ದಾರಿಯಲ್ಲೇ ಅವನಿಗೆ ಘಮ ಬಂದಿತ್ತಂತೆ. ಹೇಳಿದರೆ ಅಪ್ಪ ಬಿಸಾಡುತ್ತಾರೆಂದು ಸುಮ್ಮನಿದ್ದನಂತೆ. ಬಿಚ್ಚುವ ಗಳಿಗೆಗೆ ಕಾಯುತ್ತಿದ್ದೆ ಅಂದ. ಇಬ್ಬರು ಮೂರ್ಖರು ಗಂಡ ಹೆಂಡಿರಾಗಿದ್ದೆವು.

ಆ ಸಲ ಮಾವ ಕುರಿಗಳನ್ನು ಅಂಚಿಗೇ ತಿರುಗಿಸಿ, ನಾಲ್ಕು ದಿನಕ್ಕೆ ಮನೆಗೆ ಬಂದರು. ಬಂದವರೇ ನಶ್ಯದ ಡಬ್ಬಿಯನ್ನು ತಿಪ್ಪೆಗೆ ಎಸೆದರು. ತಿಂಗಳೊಪ್ಪತ್ತಿನಲ್ಲಿ ಅವರಿಗೆ ಸಾರಿನ ಒಗ್ಗರಣೆ, ಮಳೆ ಬಿದ್ದ ಮಣ್ಣು, ಎಲ್ಲದರ ವಾಸನೆ ಒಂದೊಂದಾಗಿ ತಿರುಗಿ ಬಂತು.

ಮುಂದಿನ ಸಲ ಕಾಡಿಗೆ ಹೊರಟಾಗ ಅತ್ತೆ ಗಂಟು ತಂದು ಕೊಟ್ಟರು. ಮಾವ ಅದನ್ನು ಹೆಗಲಿಗೇರಿಸಲಿಲ್ಲ. ಹೊಸಲಿನ ಮೇಲೆ ನಿಂತು ಎರಡೂ ಕೈಯಲ್ಲಿ ಮುಖಕ್ಕೆ ಹಿಡಿದು ಮೂಸಿದರು. ಒಂದು ಕಡೆ, ಇನ್ನೊಂದು ಕಡೆ, ತಳ. ಅಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ. ಅತ್ತೆ ಗೋಡೆಯ ಕಡೆ ತಿರುಗಿ, ಇಲ್ಲದ ಧೂಳನ್ನು ಸೆರಗಿನಿಂದ ಒರೆಸುತ್ತಾ ನಿಂತರು. ನಾನು ಬಾಗಿಲ ಹಿಂದೆ. ಅದಾದ ಮೇಲೆ ಪ್ರತಿ ಸಲವೂ ಹಾಗೇ. ಅತ್ತೆ ಈಗ ಹಿಟ್ಟನ್ನು ಐದಲ್ಲ, ಎಂಟು ದಿನ ಗಾಳಿಗೆ ಬಿಡುತ್ತಿದ್ದರು. ಹೊರಡುವ ದಿನ ಬೆಳಿಗ್ಗೆ ಮನೆಯಲ್ಲಿ ಒಗ್ಗರಣೆ ಹಾಕಲು ಬಿಡುತ್ತಿರಲಿಲ್ಲ. ಆದರೂ ಮಾವ ಮೂಸುತ್ತಿದ್ದರು, ಅವರು ಗೋಡೆ ಒರೆಸುತ್ತಿದ್ದರು. ನಾಳೆ ಮರೆಯುತ್ತಾರೆ ಎಂದಿದ್ದರಲ್ಲ, ಆ ನಾಳೆ ಬರಲೇ ಇಲ್ಲ. ಒಂದು ಬೇಸಿಗೆ ಕಳೆಯಿತು, ಇನ್ನೊಂದು ಕಳೆಯಿತು. ಆ ವೇಳೆಗೆ ಗೋಮಾಳದಲ್ಲಿ ಕಾರ್ಖಾನೆಯ ತಗಡಿನ ಮಾಡು ಎದ್ದು ಹೊಳೆಯುತ್ತಿತ್ತು. ನಾನು ದಿನವೂ ಹೇಳಬೇಕೆಂದು ಏಳುತ್ತಿದ್ದೆ, ಹೇಳದೆ ಮಲಗುತ್ತಿದ್ದೆ. ಆನೆಯ ಭಯ ಕಾಡಿನಲ್ಲಿ ಮುಗಿದಿತ್ತು. ಇದು ಮನೆಯೊಳಗಿನದು, ಮುಗಿಯುತ್ತಿರಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಅತ್ತೆಯ ಮೊಣಕೈ ಊದಿಕೊಂಡಿತ್ತು. ಗಂಟನ್ನು ಎತ್ತಿ ಕೊಡುವಾಗ ಅವರ ಕೈ ನಡುಗುತ್ತಿತ್ತು. ಮಾವ ಅದನ್ನು ಮುಖದ ಹತ್ತಿರ ತಂದರು. ಅತ್ತೆ ಗೋಡೆಯ ಕಡೆ ತಿರುಗಿದರು. ಆ ನಡುಗುವ ಕೈಯಲ್ಲೇ ಗೋಡೆ ಒರೆಸಲು ಹೋದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದಿನಿಂದ ಈಚೆ ಬಂದು ಹೇಳಿದೆ.

"ಮಾವ, ಆವತ್ತು ಬೆಲ್ಲ ಹಾಕಿದ್ದು ನಾನು. ಅತ್ತೆ ಅಲ್ಲ."

ಅತ್ತೆ ನನ್ನನ್ನು ಗದರಿದರು. ಮಾವ ಗಂಟನ್ನು ಮುಖದಿಂದ ಕೆಳಗಿಳಿಸಿ ನನ್ನನ್ನೇ ನೋಡಿದರು. ಬೈಗುಳಕ್ಕೆ ಕಾದೆ. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

"ನಾನು ಮೂಸಾದು ಇವ್ಳ ನಂಬ್ದೆ ಅಲ್ಲ ಕಣವ್ವ," ಎಂದರು. "ಆವತ್ತು ಅದು ತಿಂತಾ ನಿಂತಿತ್ತು, ನನ್ಮಗ ಈಚೆ ಬಂಡೆ ಹಿಂದವ್ನೆ, ನಾನು ಆಚೆ ದಡ್ದಲ್ಲಿ. ಕೂಗುದ್ರೆ ಅವನ್ಮೇಲೆ ತಿರುಗ್ತದೆ. ಟವಲ್ನ ಬಾಯಿಗೆ ತುರುಕ್ಕಂಡು ಕೂತಿದ್ದೆ. ಆವತ್ತಿಂದ ನಂಗೇ ಹೆದ್ರಿಕೆ. ಗಂಟು ಮುಟ್ಟುದ್ರೆ ಕೈ ತಣ್ಣಗಾಯ್ತದೆ."

ಅತ್ತೆ ಗೋಡೆ ಬಿಟ್ಟು ಈಚೆ ತಿರುಗಿದರು. ಅವರಿಗೂ ಇದು ಹೊಸ ಮಾತು. ಎರಡು ವರ್ಷದಿಂದ ಒಂದೇ ಮನೆಯಲ್ಲಿ ನಾವು ಮೂವರೂ ಬೇರೆ ಬೇರೆ ಹೆದರಿಕೊಂಡಿದ್ದೆವು.

ಮಾವ ಗಂಟನ್ನು ಅತ್ತೆಯ ಕಡೆ ಹಿಡಿದು, ಸರಿಯಾಗೈತಾ ಅಂತ ಕೇಳಿದರು. ಅತ್ತೆ ನನ್ನ ಕಡೆ ನೋಡಿದರು. ಅವರಿಗೆ ಕೈ ನೋವಿದ್ದದ್ದರಿಂದ ಆ ಸಲ ಹಿಟ್ಟನ್ನು ಬೀಸಿ, ಹರಡಿ, ಗಂಟು ಕಟ್ಟಿದವಳು ನಾನೇ. ಅದು ಅವರಿಬ್ಬರಿಗೂ ಗೊತ್ತಿತ್ತು. ಐತೆ, ಹೊರಡಿ ಎಂದರು ಅತ್ತೆ. ಮಾವ ಮೂಸದೆ, ಹಿಂದಿನ ಕಾಲದ ಹಾಗೆ ಗಂಟನ್ನು ಹೆಗಲಿಗೇರಿಸಿ ಹೊಸಲು ದಾಟಿದರು. ನನ್ನ ಗಂಡ ಕುರಿಗಳನ್ನು ಎಬ್ಬಿಸಿಕೊಂಡು ಹಿಂದೆ ನಡೆದ.

ಅವರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಒಳಗೆ ಓಡಿ ಒರಳನ್ನು ಮೂಸಿದೆ. ಜರಡಿಯನ್ನು, ಮೊರವನ್ನು, ಅಟ್ಟದ ಮೇಲಿನ ಸೀರೆಯನ್ನು, ನನ್ನ ಎರಡೂ ಅಂಗೈಯನ್ನು ಮೂಸಿದೆ. ಏನೂ ಇರಲಿಲ್ಲ. ಆದರೂ ಹನ್ನೊಂದು ದಿನ, ಅವರು ತಿರುಗಿ ಬರುವವರೆಗೂ, ಮೂಸುತ್ತಲೇ ಇದ್ದೆ.